ಅಡ್ಜಸ್ಟ್ ಮಾಡಿದ್ದಕ್ಕೆ ಹೊಸ ಹೆಸರಿಡಬೇಡಿ

‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬುದು ಊರು ಬಿಟ್ಟ ಕನ್ನಡಿಗರ ಜೊತೆ ಟಿಕೆಟ್ಟಿಲ್ಲದೆ ರೈಲು ಹತ್ತಿ ಬರುವ ಮಾತು. ಬ್ಯಾಡಗಿ ಸಿಗದಿದ್ದರೆ ಯಾವುದೋ ಕೆಂಪು ಮೆಣಸಿನಕಾಯಿ, ಸೋನಾ ಮಸೂರಿ ಸಿಗದಿದ್ದರೆ ಇಲ್ಲಿನ ಕೋಲಮ್ ಅಕ್ಕಿ. ಹನ್ನೊಂದು ವರ್ಷದಿಂದ ಪುಣೆಯಲ್ಲಿ ನಾನೂ ಇದನ್ನೇ ಮಾಡಿಕೊಂಡು ಬಂದಿದ್ದೇನೆ, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು. ಆ ಹೆಮ್ಮೆ ಇಳಿದದ್ದು ಒಂದು ಶನಿವಾರ ರಾತ್ರಿ, ಒಂದು ಕಾಕ್‌ಟೇಲಿನ ದೆಸೆಯಿಂದ.

ಅದರ ಹೆಸರು ‘ಲಾಸ್ಟ್ ವರ್ಡ್’, ಅಂದರೆ ಕೊನೆಯ ಮಾತು. ಅಮೆರಿಕದ ಡೆಟ್ರಾಯಿಟ್ ಅಥ್ಲೆಟಿಕ್ ಕ್ಲಬ್ಬಿನ 1916ರ ಮೆನುವಿನಲ್ಲಿ ಇದರ ಬೆಲೆ 35 ಸೆಂಟ್. ಜಿನ್, ಹಸಿರು ಶಾರ್ಟ್ರೂಸ್, ಮರಾಸ್ಕೀನೊ, ಲೈಮ್ ರಸ: ನಾಲ್ಕೂ ಸಮಪಾಲು. ಆಮೇಲೆ ಜನ ಇದನ್ನು ಮರೆತೇಬಿಟ್ಟರು. 1951ರಲ್ಲಿ ಟೆಡ್ ಸೋಸಿಯರ್ ಎಂಬವರ ಪುಸ್ತಕದಲ್ಲಿ ಅಚ್ಚಾಗಿ ಉಳಿದಿದ್ದ ಈ ಪಾಕವನ್ನು, ಈ ಶತಮಾನದ ಮೊದಲ ವರ್ಷಗಳಲ್ಲಿ ಸಿಯಾಟಲ್‌ನ ಬಾರ್‌ಟೆಂಡರ್ ಮರ್ರೆ ಸ್ಟೆನ್ಸನ್ ಹುಡುಕಿ ತೆಗೆದು ಮತ್ತೆ ಬಳಕೆಗೆ ತಂದರು.

ನನ್ನ ಹತ್ತಿರ ಸೋದರಮಾವನ ಮಗ ಫ್ರಾನ್ಸಿನಿಂದ ತಂದುಕೊಟ್ಟ ಒಂದು ಬಾಟಲಿ ಹಸಿರು ಶಾರ್ಟ್ರೂಸ್ ಇತ್ತು. ಜಿನ್ ಇರಲಿಲ್ಲ, ವಿಸ್ಕಿ ಇತ್ತು. ಮರಾಸ್ಕೀನೊ ಇರಲಿಲ್ಲ, ಕೇಕಿನ ಮೇಲಿಡುವ ಕೆಂಪು ಚೆರ್ರಿಯ ಡಬ್ಬಿ ಇತ್ತು. ಫ್ರಿಜ್ಜಿನಲ್ಲಿ ನಿಂಬೆ ಇದ್ದೇ ಇತ್ತು. ಅಡ್ಜಸ್ಟ್ ಮಾಡಿದೆ. ಕಣ್ಣಳತೆಯಲ್ಲೇ ಸುರಿದು, ಕುಲುಕಿ, ‘ಇದು ವಿಸ್ಕಿ ಲಾಸ್ಟ್ ವರ್ಡ್, ನನ್ನದೇ ವರ್ಷನ್’ ಎಂದು ಗೆಳೆಯರ ಮುಂದಿಟ್ಟೆ. ಮಂಗಳೂರಿನವನು ಒಂದು ಗುಟುಕು ಕುಡಿದು, ‘ಎಂಥದು ಮಾರಾಯ, ಕೆಮ್ಮಿನ ಔಷಧಿಯಾ?’ ಎಂದ. ಹುಬ್ಬಳ್ಳಿಯ ಹುಡುಗ ಮಾತ್ರ, ‘ಜ್ಯೂಸ್ ಇದ್ದಂಗ ಐತ್ರೀ ಅಣ್ಣಾ’ ಎನ್ನುತ್ತಾ ಮೂರು ಗ್ಲಾಸು ಮುಗಿಸಿ ಬೈಕಿನ ಕೀ ಹುಡುಕತೊಡಗಿದ. ಕೀ ಬಚ್ಚಿಟ್ಟು, ಅವನನ್ನು ಸೋಫಾದ ಮೇಲೆ ಮಲಗಿಸಿದೆವು.

ಮರುದಿನದಿಂದ ನನ್ನ ತಕರಾರು ನನ್ನ ಜೊತೆಗೇ ಶುರುವಾಯಿತು. ಈಗ ಅದು ನಿಮ್ಮ ಜೊತೆಗೂ ಇದೆ. ಬದಲಿಸುವುದು ತಪ್ಪಲ್ಲ. ಲೆಕ್ಕ ಹಾಕದೆ ಬದಲಿಸಿ, ಅದನ್ನು ‘ವರ್ಷನ್’ ಎಂದು ಕರೆಯುವುದು ತಪ್ಪು.

ಇದೇ ಕಾಕ್‌ಟೇಲನ್ನು ವಿಸ್ಕಿಗೆ ಒಗ್ಗಿಸಿದವರು ನಿಜಕ್ಕೂ ಇದ್ದಾರೆ. 2007ರ ಸುಮಾರಿಗೆ ನ್ಯೂಯಾರ್ಕಿನ ಬಾರ್‌ಟೆಂಡರ್ ಫಿಲ್ ವಾರ್ಡ್ ಜಿನ್ ತೆಗೆದು ರೈ ವಿಸ್ಕಿ ಹಾಕಿದರು. ತಮ್ಮ ಅಡ್ಡಹೆಸರನ್ನೇ ಶ್ಲೇಷೆ ಮಾಡಿ ‘ಫೈನಲ್ ವಾರ್ಡ್’ ಎಂದು ಹೆಸರಿಟ್ಟರು. ಅವರು ಅಷ್ಟಕ್ಕೇ ನಿಲ್ಲಲಿಲ್ಲ ಎಂಬುದನ್ನು ಗಮನಿಸಿ. ಲೈಮ್ ತೆಗೆದು ಲೆಮನ್ ಹಾಕಿದರು. ಜಿನ್ನಿನ ಜುನಿಪರ್ ವಾಸನೆಗೆ ಲೈಮಿನ ಚುರುಕು ಕಹಿ ಹೊಂದುತ್ತದೆ. ಓಕ್ ಪೀಪಾಯಿಯಲ್ಲಿ ಮಾಗಿದ ವಿಸ್ಕಿಯಲ್ಲಿ ಆಗಲೇ ಮರದ ಒಗರು ಇರುತ್ತದೆ. ಅದರ ಮೇಲೆ ಲೈಮಿನ ಕಹಿಯೂ ಬಿದ್ದರೆ ಎರಡೂ ಜಗಳಕ್ಕೆ ನಿಲ್ಲುತ್ತವೆ. ಒಂದನ್ನು ಬದಲಿಸಿದವನು ಉಳಿದ ಮೂರನ್ನೂ ಮತ್ತೆ ತೂಗಿ ನೋಡಬೇಕು. ಅವರು ತೂಗಿದರು, ನಾನು ತೂಗಲಿಲ್ಲ.

ಇಲ್ಲಿ ನಮ್ಮ ಭಾಷೆಯೂ ನಮ್ಮನ್ನು ಸ್ವಲ್ಪ ಏಮಾರಿಸುತ್ತದೆ. ಲೈಮ್, ಲೆಮನ್ ಎರಡಕ್ಕೂ ನಮ್ಮದು ನಿಂಬೆ ಎಂಬ ಒಂದೇ ಮಾತು. ನಮ್ಮ ಸಂತೆಯ ತೆಳು ಸಿಪ್ಪೆಯ ಪುಟ್ಟ ನಿಂಬೆ ಹಣ್ಣಾಗಿ ಹಳದಿಯಾದರೂ ಅದು ಲೈಮೇ. ‘ಲೆಮನ್’ ಎಂದು ಓದಿ ಅದನ್ನೇ ಹಿಂಡುವವರು ಫೈನಲ್ ವಾರ್ಡ್ ಮಾಡುತ್ತಿಲ್ಲ. ಬೇಕಾದದ್ದು ದೊಡ್ಡ ಸೂಪರ್‌ಮಾರ್ಕೆಟ್ಟುಗಳಲ್ಲಿ ದುಬಾರಿ ಬೆಲೆಗೆ ಸಿಗುವ, ಎರಡೂ ತುದಿ ಚೂಪಾದ ದಪ್ಪ ಸಿಪ್ಪೆಯ ಹಣ್ಣು. ‘ಅಷ್ಟೆಲ್ಲ ಸೂಕ್ಷ್ಮ ಯಾಕೆ, ಹುಳಿ ಹುಳಿಯೇ’ ಎನ್ನುವವರು ಹೇರಳೆಕಾಯಿ ಚಿತ್ರಾನ್ನವನ್ನೂ ನಿಂಬೆಹಣ್ಣಿನ ಚಿತ್ರಾನ್ನವನ್ನೂ ಪಕ್ಕಪಕ್ಕ ಇಟ್ಟುಕೊಂಡು ಈ ಮಾತು ಹೇಳಲಿ ನೋಡೋಣ. ಅಜ್ಜಿಯ ಅಡುಗೆಮನೆಯಲ್ಲಿ ನಮಗೆ ಗೊತ್ತಿದ್ದ ವ್ಯತ್ಯಾಸ, ಗ್ಲಾಸು ಕೈಗೆ ಬಂದ ಕೂಡಲೇ ಮರೆತುಹೋಗುವುದೇಕೆ?

ಚೆರ್ರಿ ಡಬ್ಬಿಯ ಪಾಪ ಇನ್ನೂ ದೊಡ್ಡದು. ಮರಾಸ್ಕೀನೊ ಎಂದರೆ ಮರಾಸ್ಕಾ ಎಂಬ ಹುಳಿ ಚೆರ್ರಿಯನ್ನು ಬೀಜದ ಸಮೇತ ಬಟ್ಟಿ ಇಳಿಸಿ ಮಾಡಿದ ಬಣ್ಣವಿಲ್ಲದ ಮದ್ಯ. ಸಿಹಿಯಿದ್ದರೂ ಬಾದಾಮಿ ಬೀಜದಂಥ ಸಣ್ಣ ಕಹಿ ಅದಕ್ಕಿದೆ. ಡಬ್ಬಿಯ ಕೆಂಪು ನೀರು ಬರೀ ಸಕ್ಕರೆ, ಬಣ್ಣ.

ಇನ್ನು ವಿಸ್ಕಿ. ರೈ ಎಂದು ಕರೆಸಿಕೊಳ್ಳಲು ಅಮೆರಿಕದ ಕಾನೂನಿನಂತೆ ಧಾನ್ಯದಲ್ಲಿ ಕನಿಷ್ಠ 51 ಶೇಕಡಾ ರೈ ಇರಬೇಕು. ಅದರ ಮೆಣಸಿನಂಥ ಖಾರವೇ ಶಾರ್ಟ್ರೂಸಿನ ಗಿಡಮೂಲಿಕೆಗಳ ಎದುರು ನಿಲ್ಲಬಲ್ಲದು. ನಮ್ಮಲ್ಲಿ ವಿಸ್ಕಿ ಎಂದು ಮಾರುವುದರಲ್ಲಿ ಬಹುಪಾಲು ಕಾಕಂಬಿಯ ಸ್ಪಿರಿಟ್ಟಿನ ಮೇಲೆ ಕಟ್ಟಿದ್ದು. ಸೋಡಾ ಜೊತೆ ಅದು ನಡೆಯಬಹುದು, ಇಲ್ಲಿ ಮುಳುಗಿಹೋಗುತ್ತದೆ. ರೈ ಸಿಗದಿದ್ದರೆ ಹೊಗೆ ವಾಸನೆಯಿಲ್ಲದ ಸಿಂಗಲ್ ಮಾಲ್ಟ್ ತನ್ನಿ. ಬೆಂಗಳೂರಿನ ಅಮೃತ್ 2004ರಲ್ಲಿ ಗ್ಲಾಸ್ಗೋಗೇ ಹೋಗಿ ತನ್ನ ಸಿಂಗಲ್ ಮಾಲ್ಟನ್ನು ಬಿಡುಗಡೆ ಮಾಡಿ ಬಂದದ್ದು. ನಮ್ಮವರಿಗೆ ಆಗುವುದಿಲ್ಲ ಎನ್ನುವ ನೆಪ ಅಂದೇ ಮುಗಿಯಿತು. ಆದರೆ ಮಾಲ್ಟಿನಲ್ಲಿ ರೈನ ಖಾರವಿಲ್ಲ, ಆದ್ದರಿಂದ ಸಮಪಾಲು ನಡೆಯುವುದಿಲ್ಲ. ನನಗೆ ಒಗ್ಗಿದ ಅಳತೆ ಹೀಗೆ: ಮಾಲ್ಟ್ 30 ಎಂಎಲ್, ಲೆಮನ್ ರಸ 22.5, ಶಾರ್ಟ್ರೂಸ್ 22.5, ಮರಾಸ್ಕೀನೊ 15. ಐಸ್ ತುಂಬಿ ಹತ್ತು ಹನ್ನೆರಡು ಸೆಕೆಂಡು ಜೋರಾಗಿ ಕುಲುಕಿ ಸೋಸಿದರೆ ಆಯಿತು.

ಅಳತೆ ಬರೀ ರುಚಿಯ ವಿಷಯವೂ ಅಲ್ಲ. ಹಸಿರು ಶಾರ್ಟ್ರೂಸಿನಲ್ಲಿ 55 ಶೇಕಡಾ ಆಲ್ಕೋಹಾಲ್ ಇದೆ, ಮರಾಸ್ಕೀನೊದಲ್ಲಿ ಸುಮಾರು 32. ತಲಾ 22.5 ಎಂಎಲ್ ಹಾಕಿದರೂ, ಶಾರ್ಟ್ರೂಸೊಂದೇ ಹೆಚ್ಚುಕಡಿಮೆ ಒಂದು ಸ್ಮಾಲ್ ವಿಸ್ಕಿಗೆ ಸಮ. ಇಡೀ ಗ್ಲಾಸು ಎರಡು ಸ್ಮಾಲ್ ದಾಟುತ್ತದೆ. ಅಂದರೆ ಸರಿಯಾದ ಅಳತೆಯಲ್ಲಿ ಮಾಡಿದ ಮೂರು ಗ್ಲಾಸೇ ಹತ್ತಿರ ಹತ್ತಿರ ಏಳು ಸ್ಮಾಲ್. ಹುಬ್ಬಳ್ಳಿಯ ಹುಡುಗ ಕುಡಿದ ‘ಜ್ಯೂಸ್’ ಎಷ್ಟಿತ್ತೋ ನನಗೇ ಲೆಕ್ಕವಿಲ್ಲ. ಸಿಹಿ, ಹುಳಿ ಎರಡೂ ಸೇರಿ ಮದ್ಯವನ್ನು ಮರೆಮಾಚುತ್ತವೆ. ಮನೆಗೆ ಕರೆದು ಕುಡಿಯಲು ಕೊಟ್ಟವನಿಗೆ ಈ ಲೆಕ್ಕ ಗೊತ್ತಿರಲೇಬೇಕು. ಅವತ್ತು ಅವನ ಕೈಗೆ ಕೀ ಸಿಕ್ಕಿದ್ದರೆ ನಾನು ಈ ಲೇಖನ ಬರೆಯುವ ಸ್ಥಿತಿಯಲ್ಲಿ ಇರುತ್ತಿರಲಿಲ್ಲ.

‘ಮೂಲವನ್ನು ಮುಟ್ಟಲೇಬಾರದು’ ಎನ್ನುವ ಮಡಿವಂತರ ಪಕ್ಷ ನಾನಲ್ಲ. ಮುಟ್ಟಬಾರದು ಎಂದಿದ್ದರೆ ಫೈನಲ್ ವಾರ್ಡ್ ಹುಟ್ಟುತ್ತಲೇ ಇರಲಿಲ್ಲ. ‘ಇದೆಲ್ಲ ದೊಡ್ಡವರ ಶೋಕಿ, ನಮಗೆ ವಿಸ್ಕಿ ಸೋಡಾ ಸಾಕು’ ಎನ್ನುವವರ ಬಗ್ಗೆಯೂ ನನಗೆ ದೂರಿಲ್ಲ. ಅವರು ತಾವು ಕುಡಿಯುವುದನ್ನು ಅದರ ಹೆಸರಿನಿಂದಲೇ ಕರೆಯುತ್ತಾರೆ. ನನ್ನ ಜಗಳ ನನ್ನಂಥವರ ಜೊತೆ: ಮೂಲವನ್ನೂ ಕಲಿಯದೆ, ಬದಲಾವಣೆಯ ಹೊಣೆಯನ್ನೂ ಹೊರದೆ, ‘ಸಿಗಲಿಲ್ಲ’ ಎಂಬುದನ್ನೇ ಪ್ರತಿಭೆ ಎಂದು ಮೆರೆಸುವವರ ಜೊತೆ.

ಶಾರ್ಟ್ರೂಸ್ ಮಾಡುವ ಕಾರ್ತೂಸಿಯನ್ ಸನ್ಯಾಸಿಗಳನ್ನೇ ನೋಡಿ. 130 ಮೂಲಿಕೆಗಳ ಆ ಪಾಕದ ಹಸ್ತಪ್ರತಿ ಅವರ ಕೈ ಸೇರಿದ್ದು 1605ರಲ್ಲಿ. ಬೇಡಿಕೆ ಎಷ್ಟೇ ಇದ್ದರೂ ಉತ್ಪಾದನೆ ಹೆಚ್ಚಿಸುವುದಿಲ್ಲ ಎಂಬ ಅವರ ನಿರ್ಧಾರ 2023ರಲ್ಲಿ ದೊಡ್ಡ ಸುದ್ದಿಯಾಯಿತು. ಇಡೀ ಜಗತ್ತು ಅಡ್ಜಸ್ಟ್ ಮಾಡಿ ಎಂದರೂ ಅವರು ಮಾಡಲಿಲ್ಲ.

ಬಾಟಲಿ ಇಲ್ಲವೇ? ಪರವಾಗಿಲ್ಲ. ವಿಸ್ಕಿ, ಲೆಮನ್ ರಸ, ಸಕ್ಕರೆ ಪಾಕ ಅಳೆದು ಕುಲುಕಿ, ಅದನ್ನು ವಿಸ್ಕಿ ಸಾವರ್ ಎಂದೇ ಕರೆಯಿರಿ. ಅದೂ ಒಳ್ಳೆಯ ಪಾನೀಯವೇ. ಹುಬ್ಬಳ್ಳಿಯ ಹುಡುಗ ಹೋದ ವಾರ ಮತ್ತೆ ಬಂದಿದ್ದ, ಬೈಕಿಲ್ಲದೆ. ಸೂಪರ್‌ಮಾರ್ಕೆಟ್ಟಿನ ಆ ದುಬಾರಿ ಹಣ್ಣನ್ನೇ ಹಿಂಡಿ, ಹೊಸದಾಗಿ ಕೊಂಡ ಮರಾಸ್ಕೀನೊ ಹಾಕಿ, ಅಳೆದು ಒಂದೇ ಒಂದು ಗ್ಲಾಸು ಮಾಡಿಕೊಟ್ಟೆ. ಅರ್ಧ ಗಂಟೆ ಹಿಡಿದುಕೊಂಡು ಕುಡಿದ. ಮುಗಿದ ಮೇಲೆ, ‘ಅವತ್ತು ಕೊಟ್ಟಿದ್ದು ಇದಲ್ಲ ಬಿಡ್ರೀ ಅಣ್ಣಾ’ ಎಂದ.

ಅಲ್ಲ ತಮ್ಮಾ, ಅವತ್ತಿನದಕ್ಕೆ ಹೆಸರೇ ಇರಲಿಲ್ಲ.