ಒಂದು ಅಗುಳಿನ ನ್ಯಾಯ

ಚರ್ಚಾಕೂಟದಲ್ಲಿ ಒಂದು ಲ್ಯಾಟಿನ್ ಮಾತು ಎಸೆದುಬಿಟ್ಟರೆ ಎದುರಿನವ ತೆಪ್ಪಗಾಗುತ್ತಾನೆ. ಅರ್ಥವಾಗಿ ಅಲ್ಲ, ಅರ್ಥವಾಗದೆ! ಹಾಗೆ ಎಸೆಯುವ ಮಾತುಗಳಲ್ಲಿ ಬಲು ಜೋರಿನದು 'ಫಾಲ್ಸಸ್ ಇನ್ ಯೂನೊ, ಫಾಲ್ಸಸ್ ಇನ್ ಆಮ್ನಿಬಸ್'. ಒಂದರಲ್ಲಿ ಸುಳ್ಳಾಡಿದವ ಎಲ್ಲದರಲ್ಲೂ ಸುಳ್ಳುಗಾರ ಅಂತ ಅದರ ಅರ್ಥ. ನಮ್ಮ ಮನೆಗಳಲ್ಲೂ ಇಂಥ ಮಾತುಂಟಲ್ಲ: ಅನ್ನ ಬೆಂದಿದೆಯೇ ನೋಡೋಕೆ ಒಂದು ಅಗುಳು ಹಿಸುಕಿದರೆ ಸಾಕು.

ಆದರೆ ಸಾಕ್ಷಿ ಎಂಬವನು ಅನ್ನದ ಪಾತ್ರೆಯೇ? ಅಕ್ಕಿಯೆಲ್ಲ ಒಂದೇ ನೀರಲ್ಲಿ, ಒಂದೇ ಉರಿಯಲ್ಲಿ ಬೇಯುತ್ತೆ. ಮನುಷ್ಯನ ಮಾತು ಹಾಗಲ್ಲ. ಕಟಕಟೆಯಲ್ಲಿ ನಿಂತ ಬಡಪಾಯಿ ಹೊಡೆತ ತಿಂದದ್ದು ನಿಜ, ಹೊಡೆದವರು ಮೂವರು ಎಂಬುದೂ ನಿಜ. ಹಳೇ ದ್ವೇಷಕ್ಕೆ ನಾಲ್ಕನೆಯವನ ಹೆಸರನ್ನೂ ಸೇರಿಸಿರುತ್ತಾನೆ, ಅಷ್ಟೆ. ಆ ನಾಲ್ಕನೆಯವನನ್ನು ಬಿಡಬೇಕು, ಸರಿ. ಉಳಿದ ಮೂವರನ್ನೂ ಬಿಟ್ಟರೆ ಅದ್ಯಾವ ನ್ಯಾಯ?

ನಮ್ಮ ಸುಪ್ರೀಂ ಕೋರ್ಟು 1957ರಲ್ಲೇ, ನಿಸಾರ್ ಅಲಿ ಮೊಕದ್ದಮೆಯಲ್ಲಿ, ಈ ಸೂತ್ರ ಕಾನೂನಿನ ನಿಯಮವಲ್ಲ, ಬರೀ ಎಚ್ಚರಿಕೆಯ ಮಾತು ಎಂದುಬಿಟ್ಟಿತು. ಜೊಳ್ಳು ತೂರಿ ಕಾಳು ಉಳಿಸಿಕೊಳ್ಳುವುದು ನ್ಯಾಯಾಧೀಶರ ಕೆಲಸ. ಹಾಲಿಗೆ ನೀರು ಬೆರೆತಂತೆ ಸುಳ್ಳೂ ನಿಜವೂ ಬೇರ್ಪಡಿಸಲಾಗದಷ್ಟು ಕೂಡಿಕೊಂಡಿದ್ದರೆ ಮಾತ್ರ ಪೂರ್ತಿ ಚೆಲ್ಲಬೇಕು.

ಇತಿಹಾಸ ಓದುವವರ ಪಾಡೂ ಇದೇ. ಐಹೊಳೆಯ ಶಾಸನ ನೋಡಿ. ರವಿಕೀರ್ತಿ ದೊರೆ ಇಮ್ಮಡಿ ಪುಲಕೇಶಿಯನ್ನು ಹೊಗಳೋಕೆಂದೇ ಕೂತವನು. ಜೊತೆಗೆ ಕಾಳಿದಾಸ, ಭಾರವಿಯರ ಕೀರ್ತಿ ತನಗೂ ಬಂತೆಂದು ತನ್ನನ್ನೂ ಹೊಗಳಿಕೊಂಡಿದ್ದಾನೆ. ಹೊಗಳುಭಟ್ಟ ಅಂತ ಇವನನ್ನು ಆಚೆಗೆ ತಳ್ಳೋಣವೇ? ಶಾಸನದಲ್ಲಿ ಶಕ 556, ಅಂದರೆ ಕ್ರಿ.ಶ. 634 ಎಂಬ ಕಾಲವಿದೆ. ಹಾಗಾಗಿ ಅವನ ಜಂಬದಿಂದಲೇ ಕಾಳಿದಾಸ ಅದಕ್ಕಿಂತ ಈಚಿನವನಲ್ಲವೆಂದು ನಮಗೆ ಖಚಿತವಾಗುವುದು. ಇದಕ್ಕೂ ಒಂದು ಲ್ಯಾಟಿನ್ ಹೆಸರುಂಟು: 'ಟರ್ಮಿನಸ್ ಆಂಟೆ ಕ್ವೆಮ್', ಇದಕ್ಕಿಂತ ಈಚೆಗಲ್ಲ ಎಂಬ ಗಡಿ. ಹರ್ಷನ ಸೋಲಿನ ಮಾತಿಗಂತೂ ಬೇರೆ ಸಾಕ್ಷಿಯೇ ಇದೆ. ಪುಲಕೇಶಿಯ ನಾಡನ್ನು ಹರ್ಷ ಮಣಿಸಲಾಗಲಿಲ್ಲವೆಂದು ಚೀನದ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಬರೆದಿಟ್ಟಿದ್ದಾನೆ. ಅವನಿಗೆ ಪುಲಕೇಶಿಯ ಋಣವೇನೂ ಇರಲಿಲ್ಲ.

ಲ್ಯಾಟಿನ್ ಕಲಿಯಬೇಡಿ ಅಂತ ನಾನು ಹೇಳುತ್ತಿಲ್ಲ, ಗೆಳೆಯರೇ. ಒಂದು ಸುಳ್ಳು ಸಿಕ್ಕಿತೆಂದು ಇಡೀ ಮನುಷ್ಯನನ್ನು ತಿಪ್ಪೆಗೆ ಎಸೆಯೋದು ಬಲು ಸುಲಭ. ಮೊರ ಹಿಡಿದು ಕೇರುವ ಕಷ್ಟ ತಪ್ಪುತ್ತದಲ್ಲ! ಆದರೆ ಆ ಕಷ್ಟ ತಪ್ಪಿಸಿಕೊಂಡವನು ವಕೀಲನೂ ಆಗಲಾರ, ಇತಿಹಾಸಕಾರನೂ ಆಗಲಾರ.