ಕಥೆ ಕೊಟ್ಟಾಕೆಯ ಮುಖ ಎಲ್ಲಿ?

'ಶರಪಂಜರ' ಯಾರದು ಎಂದು ಕೇಳಿ ನೋಡಿ. ಪುಟ್ಟಣ್ಣ ಕಣಗಾಲರದು ಅನ್ನುತ್ತಾರೆ, ಇಲ್ಲವೇ ಕಲ್ಪನಾದು ಅನ್ನುತ್ತಾರೆ. ತ್ರಿವೇಣಿಯವರ ಹೆಸರು ಬರುವುದು ನೂರಕ್ಕೊಬ್ಬರ ಬಾಯಲ್ಲಿ. ನಮ್ಮ ಯಾಪಲದಿನ್ನಿಯ ಮಾತಷ್ಟೇ ಅಲ್ಲ, ರಾಯಚೂರು ಪ್ಯಾಟಿಯಲ್ಲೂ ಇದೇ ಹಣೆಬರಹ.

ಪುಟ್ಟಣ್ಣನವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. 1967ರಲ್ಲಿ 'ಬೆಳ್ಳಿಮೋಡ', ಮುಂದೆ 'ಶರಪಂಜರ' ತೆಗೆದು ತ್ರಿವೇಣಿಯವರ ಹೆಂಗಸರನ್ನು ಓದು ಬಾರದ ಮನೆಗಳಿಗೂ ಮುಟ್ಟಿಸಿದವರು ಅವರು. ಆದರೆ ಅಷ್ಟು ಹೊತ್ತಿಗೆ ತ್ರಿವೇಣಿ ಇರಲಿಲ್ಲ. 1963ರಲ್ಲಿ, ಮೂವತ್ತೈದು ತುಂಬುವ ಮೊದಲೇ, ಹೆತ್ತು ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಾಣಂತಿಯ ಮನಸ್ಸು ಕದಡುವುದನ್ನು ಬರೆದಾಕೆ ತಾನೇ ಬಾಣಂತಿಯಾಗಿ ಹೋದದ್ದು!

ಸರಿ, ಅವರನ್ನು ಚಿತ್ರೀಕರಿಸಲು ಕಾಲ ಸಿಗಲಿಲ್ಲ ಅನ್ನೋಣ. ಎಂ.ಕೆ. ಇಂದಿರಾ? 'ಗೆಜ್ಜೆ ಪೂಜೆ' ತೆರೆಗೆ ಬಂದದ್ದು 1969ರಲ್ಲಿ. ಇಂದಿರಾ ತೀರಿಕೊಂಡದ್ದು 1994ರಲ್ಲಿ. ನಡುವೆ ಇಪ್ಪತ್ತೈದು ವರ್ಷ. 1983ರಲ್ಲಿ ಪ್ರೇಮಾ ಕಾರಂತರು 'ಫಣಿಯಮ್ಮ' ಮಾಡಿದರು. ಮನೆಯ ಹಿರಿಯರ ಬಾಯಿಂದ ಕೇಳಿದ ಆ ಬಾಲವಿಧವೆಯ ಬದುಕಿನಲ್ಲಿ ಕೇಳಿದ್ದೆಷ್ಟು, ಕಟ್ಟಿದ್ದೆಷ್ಟು? ಚಿತ್ರದಲ್ಲಿ ಬಿಟ್ಟುಹೋದದ್ದು ಯಾವುದು? ಇದನ್ನು ಇಂದಿರಾ ಅವರ ದನಿಯಲ್ಲೇ ಕೇಳಿದವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರಿ?

ಹಾಗೆ ಮಾಡಲು ಬರುವುದಿಲ್ಲವೆಂದೇನಲ್ಲ. ಅನಂತಮೂರ್ತಿಯವರ ಕಥೆಯಿಂದ 1977ರಲ್ಲಿ 'ಘಟಶ್ರಾದ್ಧ' ಮಾಡಿದ ಗಿರೀಶ ಕಾಸರವಳ್ಳಿಯವರೇ ಮುಂದೆ ಅನಂತಮೂರ್ತಿಯವರ ಮೇಲೊಂದು ಸಾಕ್ಷ್ಯಚಿತ್ರ ಮಾಡಿದರು. ಕಥೆ ತೆಗೆದುಕೊಂಡವರು ಲೇಖಕನ ಬಳಿಗೆ ತಿರುಗಿ ಹೋದದ್ದು ನನಗೆ ಬಹಳ ಹಿಡಿಸಿತು. ಲೇಖಕಿಯ ಮನೆಗೂ ಆ ದಾರಿ ಇರಬೇಕಲ್ಲ?

ಹೆಂಗಸರು ಬರೆದದ್ದಕ್ಕೆ 'ಅಡಿಗೆಮನೆ ಸಾಹಿತ್ಯ' ಎಂದು ಹೆಸರಿಟ್ಟು ಮೂಗು ಮುರಿದವರಿದ್ದರು. (ಅಡಿಗೆಮನೆಯಲ್ಲಿ ಏನೇನು ಬೇಯುತ್ತದೆಂದು ಅವರಿಗೇನು ಗೊತ್ತು!) ಅದೇ ಸಾಹಿತ್ಯ ಟಾಕೀಸು ತುಂಬಿಸಿದಾಗ ಮಾತ್ರ ಯಾರಿಗೂ ಹೊಗೆಯ ವಾಸನೆ ಬರಲಿಲ್ಲ.

'ಸಿನಿಮಾ ನೋಡೀನಲ್ಲ, ಪುಸ್ತಕ ಯಾಕ್ರಿ?' ಅನ್ನುವ ಅಕ್ಕಂದಿರಿಗೂ ಒಂದು ಮಾತು. ವೈದೇಹಿಯವರ 'ಗುಲಾಬಿ ಟಾಕೀಸು' ಕಥೆಯಲ್ಲಿ ಊರಿಗೆ ಟಾಕೀಸು ಬರುತ್ತದೆ. 2008ರಲ್ಲಿ ಕಾಸರವಳ್ಳಿ ಮಾಡಿದ ಚಿತ್ರದಲ್ಲಿ ಬರುವುದು ಟಿ.ವಿ. ಹೆಂಗಸರು ಹೊಸಿಲು ದಾಟಿ ಟಾಕೀಸಿಗೆ ಹೋಗುವುದೂ, ಒಬ್ಬಳ ಮನೆಯ ಟಿ.ವಿ. ಮುಂದೆ ಕೂಡುವುದೂ ಒಂದೇ ಏನು? ಎರಡನ್ನೂ ಇಟ್ಟುಕೊಂಡು ಜಗಳವಾಡಬಹುದು, ಆಡಬೇಕು. ಆ ಬದಲಾವಣೆಗೆ ಬರೆದಾಕೆ ಏನನ್ನುತ್ತಾರೆ ಎಂಬುದು ನಮ್ಮ ಶಾಲೆಯ ಹುಡುಗಿಯರಿಗೂ ಅವರ ಮುಖ ಕಾಣುತ್ತ, ದನಿ ಕೇಳುತ್ತ ತಿಳಿಯುವಂತಾಗಲಿ.