ಸುಮ್ನೆ ಕೂತ್ಕೊಳ್ಳಿ ಅನ್ನೋ ಪ್ರೀತಿ

"ನೀವ್ಯಾಕಪ್ಪಾ ಹೋಗ್ತೀರಿ, ಸುಮ್ನೆ ಕೂತ್ಕೊಳ್ಳಿ..."

ಅಪ್ಪ ಊರು ಬಿಟ್ಟು ನಮ್ಮ ಜೊತೆ ಬೆಂಗಳೂರಿಗೆ ಬಂದಮೇಲೆ ನಾನು ದಿನಾ ಹೇಳುತ್ತಿದ್ದ ಮಾತು. ಹಾಲು, ತರಕಾರಿ ಎಲ್ಲಾ ಬಾಗಿಲಿಗೇ ಬರುತ್ತಲ್ಲ! ಆರು ತಿಂಗಳಲ್ಲಿ ಅಪ್ಪ ಮಂಕಾದರು. ಹೇಳಿದ್ದನ್ನೇ ಹೇಳತೊಡಗಿದರು. ವಯಸ್ಸಾಯ್ತು ಅಂದುಕೊಂಡು ಸುಮ್ಮನಾದೆ.

ಆಮೇಲೆ 2011ರ ಒಂದು ಅಮೆರಿಕನ್ ಅಧ್ಯಯನದ ಬಗ್ಗೆ ಓದಿದೆ. 120 ಹಿರಿಯರು, ಒಂದು ವರ್ಷ. ವಾರಕ್ಕೆ ಮೂರು ದಿನ ಬಿರುಸಾಗಿ ನಡೆದವರಲ್ಲಿ, ನೆನಪಿಗೆ ಬೇಕಾದ ಮಿದುಳಿನ ಭಾಗವಾದ ಹಿಪೊಕ್ಯಾಂಪಸ್ ಸುಮಾರು 2% ಬೆಳೆದಿತ್ತು. ಬರೀ ಮೈ ಸಡಿಲಿಸುವ ಕಸರತ್ತು ಮಾಡಿದವರಲ್ಲಿ ಅದು ಕುಗ್ಗಿತ್ತು.

ನಡಿಗೆಯೇ ಮರೆವಿಗೆ ಮದ್ದು ಅಂತಲ್ಲ. ಮರೆವು ಕಂಡರೆ ಡಾಕ್ಟರಿಗೆ ತೋರಿಸಲೇಬೇಕು, ನಾವೂ ತೋರಿಸಿದೆವು. ಆದರೆ ಅಪ್ಪನ ಕಾಲಿಗೆ ಕೆಲಸವಿಲ್ಲದಂತೆ ಮಾಡಿದ್ದು ವಯಸ್ಸಲ್ಲ, ನಾನು.

ಈಗ ತರಕಾರಿ ತರೋದು ಅಪ್ಪನ ಖಾತೆ. ಅರ್ಧ ಗಂಟೆ ನಡಿಗೆ, ಸೊಪ್ಪು ಮಾರೋ ಅಜ್ಜಿ ಹತ್ರ ಚೌಕಾಸಿ, ದಾರಿಯಲ್ಲಿ ಹರಟೆ. ಮುಖಕ್ಕೆ ಕಳೆ ಬಂದಿದೆ. ನನ್ನನ್ನು ಬೈಯೋದೂ ಮತ್ತೆ ಶುರುವಾಗಿದೆ :)

ಹಿರಿಯರನ್ನು ಕೂರಿಸಿ ನೋಡಿಕೊಳ್ಳೋದೇ ಸೇವೆ ಅಂದುಕೊಂಡಿದ್ದೇವೆ. ಅವರ ಜೊತೆ ನಾಲ್ಕು ಹೆಜ್ಜೆ ಹಾಕೋದು ಅದಕ್ಕಿಂತ ದೊಡ್ಡದು ಅಂತ ನನಗನ್ನಿಸುತ್ತೆ.

ನಿಮ್ಮನೇಲಿ ಹೇಗೆ?